ತೊದಾವಿಯಾ ಎಂಬ ಮೆತ್ತನೆಯ ಮಾತು

ಮಾರ್ಚ್ ೩

ಅಣ್ಣಾ,

ಮೊದಲು ವಾಸನೆಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಾಗದಕ್ಕೂ ಅದು ಹತ್ತಿಕೊಂಡಿರುತ್ತದೆ. ನಾನು ಮೂಳೆ ಕಾರ್ಖಾನೆಗೆ ಸೇರಿ ಇಪ್ಪತ್ತು ದಿನವಾಯಿತು. ಅಮ್ಮ ನಿನಗೆ ಬರೆದಿರಲಿಕ್ಕಿಲ್ಲ. ಕೇಳಿದವರಿಗೆಲ್ಲ ನಾನು ಹೊಲಿಗೆ ಅಂಗಡಿಯಲ್ಲಿದ್ದೇನೆ ಎಂದೇ ಹೇಳುತ್ತಿದ್ದಾಳೆ. ಹೌದು, ನಿನ್ನದೇ ಕಂಪನಿಯ ಕಾರ್ಖಾನೆ. ಬೇಕೆಂದೇ ಸೇರಿದೆ. ದುಡಿಯುವವರ ಬಗ್ಗೆ ಒಂದು ಟ್ರಂಕು ತುಂಬ ಕರಪತ್ರ ಓದಿಟ್ಟುಕೊಂಡು, ಒಂದು ದಿನವೂ ಅವರ ಪಕ್ಕ ನಿಂತಿಲ್ಲ ಎನ್ನುವುದು ನನಗೇ ಅಸಹ್ಯವಾಗತೊಡಗಿತ್ತು.

ಕರಪತ್ರಗಳಲ್ಲಿ ವಾಸನೆ ಇರುವುದಿಲ್ಲ. ಇಲ್ಲಿ ಮೊದಲು ಎದುರಾಗುವುದೇ ಅದು. ಮೂಳೆ, ಚರ್ಮದ ಚೂರುಗಳು ಲಾರಿಯಿಂದ ರಾಶಿ ಬೀಳುತ್ತವೆ. ಕೆಲವಕ್ಕೆ ಕೂದಲಿರುತ್ತದೆ, ಕೆಲವಕ್ಕೆ ಹುಳು. ತೊಳೆದು ವಾರಗಟ್ಟಲೆ ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ನಾವು ಹೆಂಗಸರು ಉದ್ದನೆಯ ಬೂಟು ಹಾಕಿಕೊಂಡು ತೊಟ್ಟಿಗಿಳಿದು ಸಲಿಕೆಯಿಂದ ಅದನ್ನು ಮಗುಚುತ್ತೇವೆ. ಬೂಟು ಎಲ್ಲರಿಗೂ ಒಂದೇ ಅಳತೆ, ಒಳಗೆ ಹಿಂದಿನ ಪಾಳಿಯವಳ ಬೆವರು ಆರಿರುವುದಿಲ್ಲ. ಕೊನೆಗೆ ಇದೇ ಗಲೀಜು ಬೆಂದು, ಸೋಸಿ, ಗಾಜಿನಂಥ ಜೆಲಟಿನ್ ಹಾಳೆಯಾಗಿ ಮಕ್ಕಳ ಮಿಠಾಯಿಗೂ ಔಷಧಿ ಮಾತ್ರೆಯ ಹೊದಿಕೆಗೂ ಹೋಗುತ್ತದೆ. ಸಂಜೆ ನಾವು ಬಸ್ಸು ಹತ್ತಿದರೆ ಅಕ್ಕಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾಗುತ್ತವೆ. ನಮ್ಮ ಸುಣ್ಣದಕ್ಕ ಕಾಲು ಚಾಚಿ ಕೂತು, ರಾಣಿಯರಿಗೂ ಇಷ್ಟು ಮರ್ಯಾದೆ ಸಿಗುವುದಿಲ್ಲ ಎಂದು ನಗಾಡುತ್ತಾಳೆ. ಹದಿನಾಲ್ಕು ವರ್ಷ ಅದೇ ತೊಟ್ಟಿಯಲ್ಲಿ ದುಡಿದದ್ದಕ್ಕೆ ಆ ಹೆಸರು. ಅವಳ ಬೆರಳುಗಳಿಗೆ ಗೆರೆಗಳೇ ಇಲ್ಲ. ಹೆಬ್ಬೆಟ್ಟು ಒತ್ತಿದರೆ ಬರಿಯ ಮಸಿ ಮೂಡುತ್ತದೆ.

ಒಂದು ಪದದ ಅರ್ಥ ಬೇಕಿತ್ತು. ಮಾಲೀಕರ ದೇಶದಿಂದ ಬಂದ ಮೇಸ್ತ್ರಿ ಒಬ್ಬನಿದ್ದಾನೆ. ಕೈಗವಸು ಕೇಳಿದರೆ "ತೊದಾವಿಯಾ ನೋ." ಕೈ ತೊಳೆಯಲು ಹತ್ತಿರದಲ್ಲೊಂದು ನಲ್ಲಿ ಕೇಳಿದರೆ "ತೊದಾವಿಯಾ ನೋ." ಹೊಟ್ಟೆನೋವು, ಹೊರಗೆ ಹೋಗಿ ಬರುತ್ತೇನೆ ಎಂದರೂ ಅದೇ. ಮುಖದಲ್ಲಿ ಸಿಟ್ಟಿಲ್ಲ, ದನಿ ಏರುವುದಿಲ್ಲ. ನಮ್ಮವರು ಅವನಿಗೆ ತೊದಾವಿಯಾ ಸಾಹೇಬ ಎಂದು ಹೆಸರಿಟ್ಟಿದ್ದಾರೆ. ಏನು ಹಾಗೆಂದರೆ?

ಇಲ್ಲಿಂದ ಮೇಲಕ್ಕೆ ಹೋಗುವ ಕಾಗದಗಳೆಲ್ಲ ಮಾಲೀಕರ ದೇಶದ ಮುಖ್ಯ ಕಚೇರಿಯಲ್ಲಿ ನಿನ್ನ ಮೇಜಿಗೇ ಬಂದು, ಸ್ಪ್ಯಾನಿಷ್ ಆಗಿ, ಮಾಲೀಕರ ಮುಂದೆ ಹೋಗುತ್ತವೆ ಎಂದು ಗುಮಾಸ್ತ ಹೇಳಿದ. ಕೇಳಿ ಎದೆ ಎಷ್ಟು ಹಗುರಾಯಿತೋ. ಆ ಮೇಜಿನ ಹಿಂದೆ ಕೂತಿರುವವನು ನನ್ನಣ್ಣ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ನಿನ್ನ ತಂಗಿ

ಮಾರ್ಚ್ ೧೯

ಪುಟ್ಟೀ,

ನಿನ್ನ ಕಾಗದ ಓದಿದೆ. ಹೊಲಿಗೆ ಅಂಗಡಿಯ ಕೆಲಸ ಇದ್ದರೆ ಅದಕ್ಕೇ ಹೋಗು. ಹೇಳಿದರೆ ಕೇಳುವವಳಲ್ಲ ನೀನು, ಆದರೂ ಹೇಳಿದ್ದೇನೆ.

ಪದದ ವಿಷಯಕ್ಕೆ ಬರೋಣ. ತೊದಾವಿಯಾ ಅಂದರೆ ನಮ್ಮ "ಇನ್ನೂ". ಮುಗಿದಿರಬಹುದು ಎಂದುಕೊಂಡದ್ದು ಮುಗಿಯದೆ ನಡೆಯುತ್ತಿದೆ ಎನ್ನುವಾಗ ಬರುತ್ತದೆ. ತೊದಾವಿಯಾ ದುಎರ್ಮೆ, ಇನ್ನೂ ನಿದ್ದೆ ಮಾಡುತ್ತಿದ್ದಾನೆ. ತೊದಾವಿಯಾ ಯುಎವೆ, ಇನ್ನೂ ಮಳೆ ಬರುತ್ತಿದೆ. ಅದರ ಜೊತೆ "ನೋ" ಸೇರಿದರೆ "ಇನ್ನೂ ಇಲ್ಲ". ಆಗಬೇಕಾದದ್ದು ಆಗಿಲ್ಲ, ಆದರೆ ಆಗಬಹುದು. ಎರಡನ್ನು ಹೋಲಿಸುವಾಗಲೂ ಬಳಸುತ್ತಾರೆ. ತೊದಾವಿಯಾ ಪಿಯೋರ್ ಎಂದರೆ ಇನ್ನೂ ಕೆಟ್ಟದು. ನಮ್ಮ "ಇನ್ನೂ" ಹೊರುವ ಹೊರೆಯನ್ನೆಲ್ಲ ಇದೂ ಹೊರುತ್ತದೆ, ಹಾಗಾಗಿ ನಮಗೆ ಕಲಿಯುವುದು ಸುಲಭ. ಈ ಊರಿಗೆ ಬಂದ ಹೊಸದರಲ್ಲಿ ನನ್ನ ಬಾಯಲ್ಲಿ ಮೊದಲು ಕೂತ ಪದವೇ ಅದು. ಬೆಳಿಗ್ಗೆ ಹೋದರೆ ರೊಟ್ಟಿ ಅಂಗಡಿಯವಳು ತೊದಾವಿಯಾ ನೋ ಎನ್ನುತ್ತಿದ್ದಳು, ಹತ್ತು ನಿಮಿಷಕ್ಕೆ ಬಿಸಿ ರೊಟ್ಟಿ ಬರುತ್ತಿತ್ತು.

ಆದ್ದರಿಂದ ಆ ಮೇಸ್ತ್ರಿಯ ಮಾತಿಗೆ ಅಷ್ಟು ಸಿಡುಕಬೇಡ. ಅದು ಬಾಗಿಲು ಮುಚ್ಚುವ ಮಾತಲ್ಲ, ಮೆತ್ತನೆಯ ಮಾತು. ದಿನಕ್ಕೆ ನಾಲ್ಕು ವಾಕ್ಯ ಮಾಡಿ ನೋಡು, ರೂಢಿಯಾಗುತ್ತದೆ. ನನ್ನ ಹಳೆಯ ಪದಕೋಶ ಅಮ್ಮನ ಕಪಾಟಿನಲ್ಲಿದೆ.

ಅಣ್ಣ

ಏಪ್ರಿಲ್ ೨

ಅಣ್ಣಾ,

ಪಾಠ ಒಪ್ಪಿಸುತ್ತೇನೆ. ನಲ್ಲಿ ತೊದಾವಿಯಾ ಬಂದಿಲ್ಲ. ಕೈಗವಸು ತೊದಾವಿಯಾ ಬಂದಿಲ್ಲ. ಮೇಸ್ತ್ರಿ ತೊದಾವಿಯಾ ಬದುಕಿದ್ದಾನೆ. ಊಟದ ಕೋಣೆಯಲ್ಲಿ ಎಲ್ಲರಿಗೂ ಕಲಿಸಿದೆ. ಈಗ ಒಬ್ಬಳು ಇನ್ನೊಬ್ಬಳಿಗೆ, ನಿನ್ನ ಗಂಡ ತೊದಾವಿಯಾ ಗೊರಕೆ ಹೊಡೀತಾನಾ ಎಂದು ಕೇಳುತ್ತಾಳೆ. ನಗು ಅಷ್ಟಕ್ಕೇ ಮುಗಿಯಿತು.

ಮೊನ್ನೆ ಸೋಮವಾರ ಸುಣ್ಣದಕ್ಕನ ಸಲಿಕೆ ಮೂಳೆಗೆ ಸಿಕ್ಕಿ ಚಿಮ್ಮಿತು. ಸುಣ್ಣದ ಗಂಜಿ ಎರಡೂ ಕಣ್ಣಿಗೆ, ಬಲಗಣ್ಣಿಗೆ ಪೂರ್ತಿ. ನೀರಿರುವುದು ಅಂಗಳ ದಾಟಿ, ಗೋದಾಮು ದಾಟಿ, ಕಚೇರಿಯ ಹಿಂದೆ. ಇಬ್ಬರು ಕೈಹಿಡಿದು ಕರೆದುಕೊಂಡು ಹೊರಟೆವು. ಮೇಸ್ತ್ರಿ ಅಡ್ಡ ಬಂದ. ಪಾಳಿ ಮುಗಿಯಲು ಇಪ್ಪತ್ತು ನಿಮಿಷವಿತ್ತು, ತೊಟ್ಟಿಯಲ್ಲಿ ಅರ್ಧ ಮಗುಚುವುದು ಉಳಿದಿತ್ತು. ಅವನು ಹೇಳಿದ್ದು ಅದನ್ನೇ, ಅದೇ ದನಿಯಲ್ಲಿ. ನಾನು ಅವನನ್ನು ತಳ್ಳಿದೆ. ಆದರೆ ತಳ್ಳುವ ಮೊದಲು ಒಂದು ಗಳಿಗೆ ನಿಂತೆ ಅಣ್ಣ. ಆಗುತ್ತದೆ, ಇನ್ನೇನು ಬಿಡುತ್ತಾನೆ, ಮೆತ್ತನೆಯ ಮಾತಲ್ಲವೇ ಎಂದು ನಿಂತೆ.

ಬಲಗಣ್ಣು ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಗಿದೆ. ಎಡಗಣ್ಣನ್ನು ದೊಡ್ಡಾಸ್ಪತ್ರೆಯಲ್ಲಿ ಬೇಗ ತೋರಿಸಿದರೆ ಉಳಿಯಬಹುದು ಎಂದು ಕಾರ್ಖಾನೆಯ ವೈದ್ಯರೇ ಹೇಳಿದರು. ಹೇಳಿ, ತಮ್ಮ ಕೈಯಲ್ಲಿ ಏನೂ ಇಲ್ಲ, ಖರ್ಚು ಕಂಪನಿಯದು ಎಂಬ ಆಸ್ಪತ್ರೆ ಚೀಟಿ ಮುಖ್ಯ ಕಚೇರಿಯಿಂದ ಬರಬೇಕು ಎಂದು ಕೈ ಒರೆಸಿಕೊಂಡರು.

ಆದ್ದರಿಂದ ಅರ್ಜಿ ಬರೆದಿದ್ದೇವೆ. ಕಂಪನಿಯ ಇದೇ ಅಂಚೆ ಚೀಲದಲ್ಲಿ ಬರುತ್ತದೆ, ನಿನ್ನ ಕೈಗೆ. ಉದ್ದವಿಲ್ಲ. "ನಮ್ಮ ಕೈ ಸುಟ್ಟಿವೆ. ಒಬ್ಬಳ ಒಂದು ಕಣ್ಣು ಹೋಗಿದೆ, ಇನ್ನೊಂದನ್ನು ಉಳಿಸಲು ಆಸ್ಪತ್ರೆ ಚೀಟಿ ಕೊಡಿ. ತೊಟ್ಟಿಯ ಪಕ್ಕದಲ್ಲಿ ನಲ್ಲಿ ಹಾಕಿಸಿ. ಜೂನ್ ಒಂದರೊಳಗೆ ಆಗದಿದ್ದರೆ ನಾವು ತೊಟ್ಟಿಗೆ ಇಳಿಯುವುದಿಲ್ಲ." ಇಪ್ಪತ್ತಾರು ಮಂದಿಯ ಸಹಿ, ಹೆಬ್ಬೆಟ್ಟು. ಮೊದಲನೆಯ ಸಹಿ ನನ್ನದು.

ಬೇಗ ಮಾಡು ಅಣ್ಣ.

ನಿನ್ನ ತಂಗಿ

ಏಪ್ರಿಲ್ ೧೭

ಪುಟ್ಟೀ,

ಅರ್ಜಿ ತಲುಪಿತು. ಅವತ್ತೇ ಮಾಡಿದೆ, ಮಾಲೀಕರ ಮುಂದೆ ನಾನೇ ಓದಿದೆ. ಸಮಾಧಾನದಿಂದ ಕೇಳಿಸಿಕೊಂಡರು. ಆ ಕೋಣೆಗೆ ನೀನು ಒಮ್ಮೆ ಬಂದಿದ್ದರೆ ತಿಳಿಯುತ್ತಿತ್ತು, ಅಲ್ಲಿ ದನಿಯೇರಿಸಿದ ಮಾತು ಕಿವಿಗೆ ಇಳಿಯುವುದಿಲ್ಲ. ಎಂಟು ಕುರ್ಚಿ, ನಡುವೆ ಗಾಜಿನ ಬಟ್ಟಲಲ್ಲಿ ಬಣ್ಣಬಣ್ಣದ ಮಿಠಾಯಿ. ಓದುವಾಗ ನನ್ನ ಗಂಟಲು ಒಣಗುತ್ತದೆ ಎಂದು ಹಿರಿಯ ಮಾಲೀಕರು ಬಟ್ಟಲನ್ನು ನನ್ನ ಕಡೆ ಸರಿಸುತ್ತಾರೆ.

ನಿನಗೊಂದು ಪಾರ್ಸಲ್ ಕಳಿಸಿದ್ದೇನೆ. ಕಣ್ಣಿಗೆ ಹಾಕಿಕೊಳ್ಳುವ ರಬ್ಬರಿನ ಕನ್ನಡಕ, ಒಳ್ಳೆಯ ಜಾತಿಯದು. ನೀನು ಹಾಕಿಕೋ. ಅಮ್ಮನಿಗೆ ಒಂದು ಡಬ್ಬಿ ಮಿಠಾಯಿ.

ಸುಣ್ಣದಕ್ಕನ ವಿಷಯ ಕೇಳಿ ಸಂಕಟವಾಯಿತು. ಉತ್ತರ ಬರುವವರೆಗೆ ಏನೂ ಮಾಡಬೇಡ, ಸಹಿ ಹಾಕುವಾಗ ಇನ್ನು ಮೇಲೆ ನಡುವೆ ಎಲ್ಲಾದರೂ ಹಾಕು. ಪದಕೋಶ ಸಿಕ್ಕಿತೇ?

ಅಣ್ಣ

ಮೇ ೬

ಪದಕೋಶ ಸಿಕ್ಕಿತು.

ಮಾಲೀಕರ ಉತ್ತರ ಮೊನ್ನೆ ಬಂತು. ಇಲ್ಲಿಯ ಪದ್ಧತಿ ನಿನಗೆ ಗೊತ್ತೇ ಇದೆ. ಮೇಲೆ ಉತ್ತರ, ಅದರ ಕೆಳಗೆ ನಿನ್ನ ಕನ್ನಡ, ಅದರ ಕೆಳಗೆ ನಮ್ಮ ಅರ್ಜಿಯ ಸ್ಪ್ಯಾನಿಷ್ ಪ್ರತಿ, ನಿನ್ನ ಮೊಹರಿನೊಂದಿಗೆ. ಮೂರನ್ನೂ ಸೇರಿಸಿ ಸೂಚನೆಯ ಹಲಗೆಗೆ ಚುಚ್ಚುತ್ತಾರೆ. ಯಾರು ತಾನೇ ಓದುತ್ತಾರೆ ಎಂಬ ಧೈರ್ಯ.

ಕನ್ನಡದಲ್ಲಿ ಹೀಗಿತ್ತು: "ನಿಮ್ಮ ಸಹನೆಯನ್ನು ಮೆಚ್ಚಿದ್ದೇವೆ. ನಲ್ಲಿಯ ವಿಷಯವನ್ನು ಮುಂದಿನ ವರ್ಷದ ಯೋಜನೆಯಲ್ಲಿ ಪರಿಶೀಲಿಸಲಾಗುವುದು." ನಾನು ಗಟ್ಟಿಯಾಗಿ ಓದಿದೆ. ಯಾವ ಸಹನೆ, ಇಳಿಯೋದಿಲ್ಲ ಅಂತಲ್ವಾ ಬರೆದದ್ದು ಎಂದು ಹಿಂದಿನಿಂದ ಯಾರೋ ಕೇಳಿದರು. ಅದಕ್ಕೇ ಕೆಳಗಿನ ಹಾಳೆ ಎತ್ತಿ ನೋಡಿದೆ. ಅಲ್ಲಿ ನನಗೆ ಗುರುತಿದ್ದ ಪದ ಒಂದೇ. ಅದು ಎರಡು ಕಡೆ ಇತ್ತು. ನಾವು ಬರೆದ ಅರ್ಜಿಯಲ್ಲಿ "ಇನ್ನೂ" ಎಂಬ ಮಾತೇ ಇರಲಿಲ್ಲ. ಊಟದ ಹೊತ್ತಿನಲ್ಲಿ ಪದಕೋಶ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪದ ಬಿಡಿಸಿದೆ.

"ಒಬ್ಬಳ ಕಣ್ಣಿಗೆ ತೊಂದರೆಯಾಗಿದೆ, ತೊದಾವಿಯಾ ವೆ." ಇನ್ನೂ ನೋಡುತ್ತಾಳೆ. ಆಸ್ಪತ್ರೆ ಚೀಟಿಯ ಮಾತು ಎಲ್ಲೂ ಇಲ್ಲ. ತೊಟ್ಟಿಗೆ ಇಳಿಯುವುದಿಲ್ಲ ಎಂಬ ಜಾಗದಲ್ಲಿ, "ತೊದಾವಿಯಾ ಪೊದೆಮೋಸ್ ಎಸ್ಪೆರಾರ್." ನಾವು ಇನ್ನೂ ಕಾಯಬಲ್ಲೆವು.

ಹಾಳೆಯ ಕೆಳಗೆ, ಅನುವಾದ ಸರಿಯಿದೆ ಎಂದು ನಿನ್ನ ಸಹಿ.

ಎಲ್ಲರೂ ನನ್ನ ಸುತ್ತ ನಿಂತಿದ್ದರು. ಸುಳ್ಳು ಹೇಳಬಹುದಿತ್ತು, ಅರ್ಥವಾಗಲಿಲ್ಲ ಎನ್ನಬಹುದಿತ್ತು. ಹೇಳಿದೆ. ಬರೆದವನು ನನ್ನಣ್ಣ ಎಂದೂ ಹೇಳಿದೆ. ಸುಣ್ಣದಕ್ಕ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. "ನಾನು ಇನ್ನೂ ನೋಡ್ತೀನಂತಾ? ಯಾವ ಕಣ್ಣಿಂದ ಅಂತ ಬರೆದಿಲ್ವಾ ನಿಮ್ಮಣ್ಣ?" ಎಂದು ಕೇಳಿದಳು. ಯಾರೂ ನಗಲಿಲ್ಲ. ಅವಳು ಮತ್ತೆ, "ಬೈಯೋಣ ಅಂದ್ರೆ ನಿನ್ನ ಒಡಹುಟ್ಟಿದವನು. ನೀನೇ ಬೈದುಬಿಡು ಮಗಳೇ, ನಮ್ಮೆಲ್ಲರ ಪರವಾಗಿ," ಎಂದಳು.

ಈಗ ಬೈಯಲು ಕೂತಿದ್ದೇನೆ. ಹುಳು ಬಿದ್ದ ಮೂಳೆಯನ್ನು ಬರಿಗೈಯಲ್ಲಿ ಎತ್ತಿದ್ದೇನೆ, ಆಗಲೂ ಇಷ್ಟು ಅಸಹ್ಯವಾಗಿರಲಿಲ್ಲ. ಕೊಳೆತದ್ದನ್ನು ಬೇಯಿಸಿ, ಸೋಸಿ, ವಾಸನೆ ತೆಗೆದು, ಬಣ್ಣ ಹಾಕಿ ಬಟ್ಟಲಲ್ಲಿ ಇಡುವುದು ಕಂಪನಿಯ ಕೆಲಸ ಎಂದುಕೊಂಡಿದ್ದೆ. ನೀನು ಅಲ್ಲಿ ಮೇಜಿನ ಹಿಂದೆ ಕೂತು ನಮ್ಮ ಮಾತಿಗೂ ಅದನ್ನೇ ಮಾಡುತ್ತಿದ್ದೀಯ. ಆ ಮಿಠಾಯಿಯನ್ನು ಅಮ್ಮ ಕೇರಿಗೆಲ್ಲ ಹಂಚಿದಳು, ಮಗ ಕಳಿಸಿದ್ದು ಎಂದು. ನನ್ನ ಪಾಲನ್ನು ಚರಂಡಿಗೆ ಎಸೆದೆ.

ಮೇ ೨೨

ಪುಟ್ಟೀ,

ನೀನು ಬರೆದದ್ದೆಲ್ಲ ಓದಿದೆ. ಉತ್ತರ ಕೊಡುವುದು ನನ್ನ ಕರ್ತವ್ಯ.

ಈ ಮೇಜಿಗೆ ಬಂದ ಮೊದಲ ವರ್ಷ ನಿಮ್ಮ ಕಾರ್ಖಾನೆಯಿಂದಲೇ ಒಂದು ಅರ್ಜಿ ಬಂದಿತ್ತು, ಬಾಯ್ಲರ್ ಕೋಣೆಯವರದು. ಹನ್ನೊಂದು ಜನ. ನಾನು ಅಕ್ಷರ ಅಕ್ಷರ ಅನುವಾದ ಮಾಡಿದೆ, ಸಿಟ್ಟು ಇದ್ದಲ್ಲಿ ಸಿಟ್ಟು, ಬೈಗುಳ ಇದ್ದಲ್ಲಿ ಬೈಗುಳ. ಹಿರಿಯ ಮಾಲೀಕರು ಪೂರ್ತಿ ಕೇಳಿ, ಬಹಳ ಚೆನ್ನಾಗಿ ಓದಿದಿರಿ ಎಂದು ನನ್ನನ್ನು ಹೊಗಳಿ, ಹನ್ನೊಂದು ಜನರನ್ನೂ ಕೆಲಸದಿಂದ ತೆಗೆಯುವ ಕಾಗದವನ್ನು ಅಲ್ಲೇ ನನ್ನ ಕೈಯಲ್ಲೇ ಬರೆಸಿದರು. ಅವರ ಮನೆಗಳು ಏನಾದವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಧೈರ್ಯ ಬರಲಿಲ್ಲ.

ಅದಾದ ಮೇಲೆ ಪ್ರತಿ ಅರ್ಜಿಯಲ್ಲೂ ಆ ಪದ ಸೇರಿಸುತ್ತಾ ಬಂದೆ. ಇನ್ನೂ ಕಾಯುತ್ತೇವೆ, ಇನ್ನೂ ನಂಬಿದ್ದೇವೆ, ಇನ್ನೂ ಆಗುತ್ತದೆ. ಅಂದಿನಿಂದ ಇಂದಿನವರೆಗೆ ಅರ್ಜಿ ಹಾಕಿದ್ದಕ್ಕೆ ಒಬ್ಬರ ಕೆಲಸವೂ ಹೋಗಿಲ್ಲ. ನಲ್ಲಿ ಬಂದಿಲ್ಲ, ನಿಜ. ಆದರೆ ಒಲೆ ಆರಿಲ್ಲ. ನೀನು ಇದಕ್ಕೆ ಏನು ಹೆಸರಿಡುತ್ತೀಯೋ ಇಡು. ನಿನ್ನ ಅರ್ಜಿಯ ತುದಿಯಲ್ಲಿ ಮೊದಲ ಸಹಿಯೇ ನಿನ್ನದಾಗಿತ್ತು. ಚೀಟಿಯ ಮಾತು ಹಾಕಿದರೆ ಯಾರದು ತಪ್ಪು ಎಂಬ ವಿಚಾರಣೆ ಬರುತ್ತದೆ, ಮೇಸ್ತ್ರಿಯನ್ನು ತಳ್ಳಿದ ನಿನ್ನ ಹೆಸರು ಬರುತ್ತದೆ. ಅದಕ್ಕೇ ಬಿಟ್ಟೆ.

ಸುಣ್ಣದಕ್ಕನ ಎಡಗಣ್ಣು ಹೇಗಿದೆ? ಅದನ್ನು ನೀನು ಬರೆಯಲೇ ಇಲ್ಲ.

ಅಣ್ಣ

ಜೂನ್ ೮

ಅಣ್ಣಾ,

ಬರೆಯಲಿಲ್ಲ, ಯಾಕೆಂದರೆ ಕೇಳುವ ಹಕ್ಕು ನಿನಗಿಲ್ಲ ಎನಿಸಿತ್ತು. ಈಗ ಕೇಳು. ಮೊದಲು ಮುಖ ಗುರುತಿಸುತ್ತಿದ್ದಳು. ಈಗ ಕಿಟಕಿ ಎಲ್ಲಿದೆ ಎಂದಷ್ಟೇ ಹೇಳುತ್ತಾಳೆ.

ಹನ್ನೊಂದು ಜನರ ಕಥೆಯನ್ನು ನಾಲ್ಕು ಸಲ ಓದಿದೆ. ನಿನ್ನ ಮೇಲೆ ಕರುಣೆ ಬರಲಿ ಎಂದೇ ಓದಿದೆ, ಬರಲಿಲ್ಲ. ನಿನಗೆ ಹೆದರಿಕೆಯಾಯಿತು, ಅದನ್ನು ನಮ್ಮೆಲ್ಲರ ಬಾಯಲ್ಲಿ ಹೇಳಿಸಿದೆ. ನಿನಗೆ ಕಾಯುವುದು ಸಾಧ್ಯವಿತ್ತು, ನಾವು ಕಾಯುತ್ತೇವೆ ಎಂದು ಬರೆದೆ. ನಮ್ಮ ಒಲೆ ಉರಿಯಲಿ, ನಮ್ಮ ಕೆಲಸ ಹೋಗಲಿ, ಅದನ್ನು ಲೆಕ್ಕ ಹಾಕಬೇಕಾದವರು ಸಹಿ ಹಾಕಿದ ಇಪ್ಪತ್ತಾರು ಜನ. ನಮ್ಮನ್ನು ಒಂದು ಮಾತು ಕೇಳಿದೆಯಾ?

ನನ್ನದೂ ಒಂದು ಹೇಳಿಬಿಡುತ್ತೇನೆ. ನೀನು ಕಳಿಸಿದ ಆ ಕನ್ನಡಕವನ್ನು ಎಲ್ಲರಿಗೂ ತೋರಿಸಿ ಪಾಳಿಯಲ್ಲಿ ಹಂಚಿಕೊಂಡೆವು ಎಂದು ಬರೆಯಬೇಕೆಂದಿದ್ದೆ. ಹಂಚಿಕೊಂಡದ್ದು ನಿಜ, ಆದರೆ ಎರಡು ದಿನ ತಡವಾಗಿ. ಆ ಎರಡು ದಿನ ನಾನೊಬ್ಬಳೇ ಹಾಕಿಕೊಂಡೆ. ನನ್ನ ಪಕ್ಕ ನಿಂತವರ ಕಣ್ಣು ಬರಿದಾಗಿತ್ತು, ನನಗೆ ಹಾಯೆನಿಸಿತ್ತು. ಆ ಹಾಯಿಯ ರುಚಿ ಗೊತ್ತಿರುವುದರಿಂದಲೇ ನಿನ್ನ ಕುರ್ಚಿ ನನಗೆ ಇಷ್ಟು ಹೇಸಿಗೆ.

ಒಂದನೇ ತಾರೀಖಿನಿಂದ ನಾವು ತೊಟ್ಟಿಗೆ ಇಳಿದಿಲ್ಲ. ಕೆಲಸ ಹೋಗಬಹುದು ಎಂದು ನಿನ್ನ ಕಾಗದವನ್ನೇ ಓದಿ ಹೇಳಿದೆ. ಅಡಗಿಸಲಿಲ್ಲ. ಮೂವರು ಯೋಚಿಸಿ, ಮಕ್ಕಳು ಸಣ್ಣವರು ಎಂದು ಸಹಿ ಹೊಡೆದುಹಾಕಿದರು. ಯಾರೂ ಅವರನ್ನು ಹಂಗಿಸಲಿಲ್ಲ. ಉಳಿದವರು ಇಪ್ಪತ್ಮೂರು.

ಹೊಸ ಅರ್ಜಿ ಇದರ ಜೊತೆ ಬರುತ್ತದೆ. ಈ ಸಲ ಸ್ಪ್ಯಾನಿಷಿನಲ್ಲೇ, ನಿನ್ನ ಪದಕೋಶ ಇಟ್ಟುಕೊಂಡು ನಾನೇ ಬರೆದದ್ದು. ಅಂಗನವಾಡಿ ಮಗುವಿನ ಭಾಷೆಯಂತಿದೆ, ಗೊತ್ತು. ಕೈ ಸುಟ್ಟಿವೆ. ಒಂದು ಕಣ್ಣು ಇಲ್ಲ. ಇನ್ನೊಂದು ಹೋಗುತ್ತಿದೆ. ಚೀಟಿ ಕೊಡಿ. ನೀರು ಕೊಡಿ. ಕೊಡುವವರೆಗೆ ಇಳಿಯುವುದಿಲ್ಲ. ಆ ಪದ ಒಂದು ಕಡೆಯೂ ಇಲ್ಲ.

ನಿನ್ನ ಮೊಹರಿಲ್ಲದೆ ಯಾವ ಕಾಗದವೂ ಆ ಕೋಣೆಯೊಳಗೆ ಹೋಗುವುದಿಲ್ಲವಂತೆ. ಮೊಹರು ಹಾಕು, ಇಲ್ಲವೇ ಹರಿದುಹಾಕು. ಎರಡರಲ್ಲಿ ಒಂದು ಮಾಡು. ಚಂದ ಮಾತ್ರ ಮಾಡಬೇಡ.

ನಿನ್ನ ತಂಗಿ

ಜೂನ್ ೨೭

ಪುಟ್ಟೀ,

ಮೊಹರು ಹಾಕಿದೆ. ಇದ್ದ ಹಾಗೇ ಓದಿದೆ, ಇದ್ದ ತಪ್ಪುಗಳ ಸಮೇತ. ಇದು ನಿಮ್ಮ ಎಂದಿನ ಶೈಲಿಯಲ್ಲವಲ್ಲ ಎಂದು ಹಿರಿಯ ಮಾಲೀಕರು ಕೇಳಿದರು. ಇದು ಅವರ ಶೈಲಿ, ಈವರೆಗೆ ನೀವು ಕೇಳಿದ್ದು ನನ್ನದು ಎಂದೆ. ಹಾಗಾದರೆ ಇವರು ಇನ್ನು ಕಾಯುವುದಿಲ್ಲವೇ ಎಂದರು. ಇಲ್ಲ ಎಂದೆ.

ಅವರ ಉತ್ತರವನ್ನು ಹಲಗೆಗೆ ಹಾಕುವ ಮೊದಲು ನಿನಗೇ ಬರೆಯುತ್ತಿದ್ದೇನೆ, ಏನೂ ಸೇರಿಸದೆ, ಏನೂ ಬಿಡದೆ. "ತೊಟ್ಟಿಯ ಪಕ್ಕದಲ್ಲಿ ನಲ್ಲಿ ಹಾಕಿಸಲು ಆಜ್ಞೆಯಾಗಿದೆ. ಕೆಲಸ ನಿಲ್ಲಿಸಿದ ಇಪ್ಪತ್ಮೂರು ಮಂದಿಯನ್ನು ತೆಗೆಯಲಾಗಿದೆ. ಗಾಯಗೊಂಡ ಹೆಂಗಸು ಅವರಲ್ಲೊಬ್ಬಳಾದ್ದರಿಂದ ಕಂಪನಿಯ ಆಸ್ಪತ್ರೆ ಚೀಟಿಗೆ ಅರ್ಹಳಲ್ಲ."

ನನ್ನನ್ನು ತೆಗೆಯಲಿಲ್ಲ. ಪ್ರಾಮಾಣಿಕ ಅನುವಾದಕ ಸಿಗುವುದು ಕಷ್ಟ ಎಂದು ಮಿಠಾಯಿ ಬಟ್ಟಲನ್ನು ನನ್ನ ಕಡೆ ಸರಿಸಿದರು. ನಾನು ಹೊರಗೆ ಬಂದು ಶೌಚಾಲಯದಲ್ಲಿ ವಾಂತಿ ಮಾಡಿಕೊಂಡೆ. ನೀನು ಹೇಳುತ್ತಿದ್ದ ವಾಸನೆ ಈಗ ನನಗೂ ಬರುತ್ತಿದೆ, ಈ ಶುಚಿಯಾದ ಕಚೇರಿಯಲ್ಲಿ.

ರಾಜೀನಾಮೆ ಬರೆದು ಜೇಬಿನಲ್ಲಿಟ್ಟಿದ್ದೇನೆ. ಬಂದುಬಿಡಲಾ? ಅಮ್ಮನಿಗೆ ಏನು ಹೇಳಲಿ?

ಅಣ್ಣ

ಜುಲೈ ೧೫

ಅಣ್ಣಾ,

ನಿನ್ನ ಕಾಗದ ಬಂದ ದಿನವೇ ಚೀಟಿಯ ಆಸೆ ಬಿಟ್ಟು ಸುಣ್ಣದಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರು ದಿನ ಸಾಲಿನಲ್ಲಿ ನಿಂತೆವು, ಸರದಿಯ ಮೇಲೆ. ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಮುಖದ ಹತ್ತಿರ ಹಿಡಿದರೆ ಎಷ್ಟು ಬೆರಳು ಎಂದು ಹೇಳುತ್ತಾಳೆ. ಏಪ್ರಿಲಿನಲ್ಲೇ ತಂದಿದ್ದರೆ ಓದುವಷ್ಟು ಉಳಿಯುತ್ತಿತ್ತು ಎಂದರು ವೈದ್ಯರು. ನನಗೆ ಓದೋಕೆ ಯಾವತ್ತು ಬರ್ತಿತ್ತು ಎಂದು ಅವಳು ಅವರನ್ನೇ ಸಮಾಧಾನ ಮಾಡಿದಳು. ನನಗೆ ಆ ಸಮಾಧಾನವನ್ನೂ ಸಹಿಸಲಾಗಲಿಲ್ಲ.

ಅಮ್ಮನಿಗೆ ನಾನೇ ಎಲ್ಲ ಓದಿ ಹೇಳಿದೆ. ಮರುದಿನ ಅವಳು ಸುಣ್ಣದಕ್ಕನ ಮನೆಗೆ ಅಡಿಗೆ ತೆಗೆದುಕೊಂಡು ಹೋದಳು. ನಾನೀಗ ನಿಜವಾಗಿಯೂ ಹೊಲಿಗೆ ಅಂಗಡಿಯಲ್ಲಿದ್ದೇನೆ.

ತೊಟ್ಟಿಗೆ ಹೊಸ ಹೆಂಗಸರನ್ನು ಸೇರಿಸಿಕೊಂಡಿದ್ದಾರೆ. ನಲ್ಲಿ ಹಾಕಿದ್ದಾರೆ, ನೀರೂ ಬರುತ್ತದಂತೆ. ಕೈಗವಸಿಲ್ಲ. ಭಾನುವಾರ ಅವರಲ್ಲಿ ನಾಲ್ವರು ನಮ್ಮ ಮನೆಗೆ ಬಂದಿದ್ದರು, ಅರ್ಜಿ ಬರೆಯುವುದು ಹೇಗೆ ಎಂದು ಕೇಳಲು. ಹತ್ತಿರ ಕೂತಾಗ ಮೂಗು ಮುಚ್ಚಿಕೊಳ್ಳಬೇಕೆನಿಸಿತು. ಆರೇ ವಾರ ಹೊರಗಿದ್ದದ್ದು, ಅಷ್ಟಕ್ಕೇ.

ಬರಬೇಡ. ಆ ರಾಜೀನಾಮೆಯನ್ನು ಹರಿದುಹಾಕು. ನಿನಗೆ ಅಲ್ಲಿ ಅಸಹ್ಯವಾಗುತ್ತದೆ ಎಂದು ಗೊತ್ತು, ಆಗಲಿ. ನೀನು ಎದ್ದು ಬಂದರೆ ಆ ಕುರ್ಚಿಯಲ್ಲಿ ಇನ್ನೊಬ್ಬ ಮೆತ್ತನೆಯ ಮನುಷ್ಯ ಬಂದು ಕೂರುತ್ತಾನೆ, ಅವನಿಗೆ ವಾಂತಿ ಬರಲಿಕ್ಕಿಲ್ಲ. ಹೊಸಬರ ಅರ್ಜಿ ಮುಂದಿನ ಚೀಲದಲ್ಲಿ ಬರುತ್ತದೆ. ಏನೇನಾಗಬಹುದು ಎಂದು ಅವರಿಗೆ ಎಲ್ಲ ಹೇಳಿದ್ದೇನೆ, ತಿಳಿದೇ ಸಹಿ ಹಾಕಿದ್ದಾರೆ.

ಅವರು ಹೇಳಿದಷ್ಟನ್ನೇ ಓದು.

ನಿನ್ನ ತಂಗಿ